ಯಾರ ಕೆಲಸ

ಆ ಗುರುವಾರ ಮಧ್ಯಾಹ್ನ ಅವರು ಸ್ಟೋರಿನ ಕಿಟಕಿಯ ಹಲಗೆಯ ಮೇಲೆ ಒಂದು ರಬ್ಬರ್ ವಾಷರ್ ಇಟ್ಟು, ಬೆರಳಿನಿಂದ ಅದನ್ನು ನನ್ನ ಕಡೆಗೆ ತಳ್ಳಿದರು.

"ಇದು ಎಂತ?" ಎಂದರು.

"ವಾಷರ್ ರಿ ಅಣ್ಣಾರ."

"ವಾಷರ್ ಅಂತ ಕವರಿನ ಮೇಲೆ ಬರೆದದ್ದು ನನಗೂ ಓದ್ಲಿಕ್ಕೆ ಬರ್ತದೆ ಮಾರಾಯ. ಮುಟ್ಟಿ ನೋಡು. ಬಿಸ್ಕೀಟಿನ ಹಾಗೆ ಉಂಟು. ಚಹಾದಲ್ಲಿ ಅದ್ದಿ ತಿನ್ನು ನೀನೇ."

ನಾನು ಬೇರೆ ಪೊಟ್ಟಣ ಒಡೆದು ನಾಲ್ಕು ವಾಷರ್ ಕೊಟ್ಟೆ. ಅವರು ಒಂದೊಂದನ್ನೂ ಮಡಚಿ, ಬಿಟ್ಟು, ಅದು ಮತ್ತೆ ಗುಂಡಗಾಗುವುದನ್ನು ನೋಡಿ ಮೂರನ್ನು ಜೇಬಿಗೆ ಹಾಕಿಕೊಂಡರು. ನಾಲ್ಕನೆಯದನ್ನು ಹಿಂದಕ್ಕೆ ಕೊಟ್ಟರು. ದೋಹಾದ ಅಲ್ ಸದ್ದ್‌ನ ಯಾವುದೋ ಫ್ಲ್ಯಾಟಿನಲ್ಲಿ ಅಡುಗೆಮನೆಯ ನಲ್ಲಿ ಸೋರುತ್ತಿತ್ತು. "ಯಲ್ಲಾ" ಎಂದು, ನಡಿ ಎಂಬಂತೆ, ಡ್ರೈವರನ ಬೆನ್ನು ತಟ್ಟಿ ವ್ಯಾನು ಹತ್ತಿದರು.

ಸಂಜೆ ಬಿನ್ ಒಮ್ರಾನ್‌ನಲ್ಲಿದ್ದ ನಮ್ಮ ವಿಲ್ಲಾದ ತಾರಸಿಯಲ್ಲಿ ಸಮವಸ್ತ್ರ ಒಗೆದು ಹರವುತ್ತ, ನಾಳೆ ಮಾರ್ಕೆಟ್ಟಿಗೆ ಹೋಗಿ ಬೂತಾಯಿ ತರುತ್ತೇನೆ ಎಂದರು. ಮೀನು ತಿನ್ನದ ನನಗೆ ಎರಡು ಹಪ್ಪಳ ಸುಡುವುದಾಗಿಯೂ ಹೇಳಿದರು. ಅಂಗಿಯ ತೋಳುಗಳನ್ನು ಎಳೆದು ಸುಕ್ಕು ಬಿಡಿಸಿ ಕ್ಲಿಪ್ಪು ಹಾಕಿದರು. ಅವತ್ತು ಬೇರೇನೂ ನಡೆಯಲಿಲ್ಲ. ನಾನು ಅಳುಕಿಲ್ಲದೆ ಅವರ ಮುಖ ನೋಡಿ ಮಾತಾಡಿದ ಕೊನೆಯ ದಿನ ಅದು.

ಅವರು ತೀರಿಕೊಂಡು ಐದು ತಿಂಗಳಾಯಿತು. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆದರೆ ಓದಿದವರಲ್ಲಿ ಯಾರಾದರೊಬ್ಬರು, "ಓ, ಅವರಾ? ಕತಾರಿನಲ್ಲಿ ರೂಮಿನೊಳಗೆ ವೈನ್ ಮಾಡಿ ಸಿಕ್ಕಿಬಿದ್ದವರಲ್ಲವಾ?" ಎನ್ನುತ್ತಾರೆ. ಅವರು ಕುಡಿದವರಲ್ಲ. ಮಾಡಿದವರೂ ಅಲ್ಲ. ಮಾಡಿದವನು ನಾನು. ಅವರ ಮೇಲೆ ಆ ಮಾತು ಬಂದದ್ದು ನನ್ನ ಬಾಯಿಂದ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಬರೆಯುವುದು ಸ್ವಲ್ಪ ಸುಲಭವಾದೀತು ಎಂದುಕೊಂಡಿದ್ದೆ. ಆಗಿಲ್ಲ.

ನಮ್ಮದು ಕಟ್ಟಡಗಳ ರಿಪೇರಿ ನೋಡಿಕೊಳ್ಳುವ ಒಂದು ಕಂಪನಿ. ಅವರು ಅಲ್ಲಿ ಇಪ್ಪತ್ತೆರಡು ವರ್ಷದಿಂದ ಪ್ಲಂಬರ್. ನಾನು ಸ್ಟೋರಿನಲ್ಲಿ ಸಾಮಾನು ಎತ್ತಿಕೊಡುವವನು, ಬಂದು ಎರಡು ವರ್ಷ ಕೂಡ ಆಗಿರಲಿಲ್ಲ. ಅವರು ಕಾರ್ಕಳದ ಕಡೆಯವರು, ಮನೆಮಾತು ತುಳು; ಕಂಪನಿಯಲ್ಲಿ ಎಲ್ಲರಿಗೂ ಅಣ್ಣಾ. ನಾನು ಬಾಗಲಕೋಟೆಯ ಕಡೆಯವನು. ಎಂಟು ಜನರಿದ್ದ ಆ ವಿಲ್ಲಾದಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಅದೂ ಬೇರೆ ಬೇರೆ ಕನ್ನಡ.

"ನಿಮ್ಮ ಊರಲ್ಲಿ ಬೈಯುವಾಗಲೂ ರೀ ಅಂತ ಹೇಳ್ತೀರಲ್ಲ ಮಾರಾಯ. ಬೈಸಿಕೊಂಡವನಿಗೆ ಗೊತ್ತಾಗುವುದಾದ್ರೂ ಹೇಗೆ?" ಎಂದು ಒಮ್ಮೆ ಕೇಳಿದ್ದರು.

"ಗೊತ್ತಾಗ್ತೈತ್ರಿ. ನೀವು ಎಲ್ಲಾರಿಗೂ ಮಾರಾಯ ಅಂತೀರಲ್ಲ, ಮಾರಾಯ ಅಂದ್ರ ಯಾರ್ರಿ?"

ಸ್ವಲ್ಪ ಯೋಚಿಸಿ, "ಯಾರಿಗೆ ಬೈಯ್ಲಿಕ್ಕೆ ಮನಸ್ಸು ಬರುವುದಿಲ್ವೋ ಅವನು" ಎಂದಿದ್ದರು.

ಕುಳ್ಳಗಿನ ಆಳು. ಬಲಗೈ ಹೆಬ್ಬೆರಳು ಮಾತ್ರ ಅಗಲವಾಗಿ, ಯಾರೋ ತಟ್ಟಿ ಚಪ್ಪಟೆ ಮಾಡಿದ ಹಾಗಿತ್ತು. ಕನ್ನಡಕದ ಕಾಲು ಮುರಿದಿದ್ದರಿಂದ ಅದಕ್ಕೆ ನಾರು ಸುತ್ತಿಕೊಂಡಿದ್ದರು. ಹೊಸದು ತೆಗೆದುಕೊಳ್ಳಿ ಎಂದರೆ, ಗಾಜು ಸರಿ ಉಂಟಲ್ಲ ಎನ್ನುತ್ತಿದ್ದರು. ಗೋಡೆಯೊಳಗಿನ ಪೈಪು ಎಲ್ಲಿ ಸೋರುತ್ತಿದೆ ಎಂದು ಹುಡುಕುವಾಗ ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಗೋಡೆಗೂ ಇನ್ನೊಂದನ್ನು ಕಿವಿಗೂ ಇಟ್ಟು ಕಣ್ಣು ಮುಚ್ಚುತ್ತಿದ್ದರು. ಆಗ ಯಾರೂ ಮಾತಾಡುವ ಹಾಗಿರಲಿಲ್ಲ. ಒಂದು ಮನೆಯಲ್ಲಿ ಯಜಮಾನ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದಾಗ ಕಣ್ಣು ಮುಚ್ಚಿಕೊಂಡೇ ಕೈ ಎತ್ತಿ ತಡೆದರಂತೆ. ಆತ ಪಾಪ ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡನಂತೆ.

ಕೆಲಸ ಮುಗಿದ ಮೇಲೆ ಜಾಯಿಂಟಿನ ಕೆಳಗೆ ಒಂದು ಟಿಶ್ಯೂ ಕಾಗದ ಹಾಸಿ ಅದರ ಮುಂದೆ ಕೂರುವುದು ಅವರ ಪದ್ಧತಿ. ಇಪ್ಪತ್ತು ನಿಮಿಷ. ಮನೆಯವರು ಚಹಾ ಕೊಟ್ಟರೆ, ಕಾಗದ ಒಣಗಿದ್ದರೆ ಕುಡಿಯುತ್ತೇನೆ ಎಂದು ಪಕ್ಕಕ್ಕೆ ಇಡುತ್ತಿದ್ದರು. ಒಂದು ಚುಕ್ಕೆ ಒದ್ದೆ ಕಂಡರೂ ಚಹಾ ಆರಿ ಹೋಗುತ್ತಿತ್ತು, ಎಲ್ಲವನ್ನೂ ಬಿಚ್ಚಿ ಮೊದಲಿಂದ ಶುರು ಮಾಡುತ್ತಿದ್ದರು. ಸೂಪರ್‌ವೈಸರ್ ವ್ಯಾನಿನಿಂದ ಹಾರ್ನ್ ಹೊಡೆಯುತ್ತಿದ್ದ.

ಪೈಪಿನ ತುದಿಯ ತಿರುಪಿನ ಗೆರೆಗಳಿಗೆ ಎಲ್ಲರೂ ಬಿಳಿ ಟೇಪು ಸುತ್ತುತ್ತಾರೆ. ಅವರು ಊರಿನಿಂದ ತಂದ ಸಣಬಿನ ನಾರು ಸುತ್ತುತ್ತಿದ್ದರು. ಕೂದಲಿನಂತೆ ಬಿಡಿಸಿ, ಎಣ್ಣೆ ಸವರಿ, ಬಿಗಿಯಾಗಿ ಸುತ್ತಿ, ಕೊನೆಯ ಎಳೆಯನ್ನು ಕೆಳಗೆ ತೂರಿಸಿ ಒಂದು ಸಣ್ಣ ಗಂಟು. ದೋಹಾದಲ್ಲಿ ಆ ಗಂಟು ಹಾಕುವವರು ಬೇರೆ ಯಾರೂ ಇರಲಿಲ್ಲವೋ ಏನೋ, ನಮ್ಮ ಕಂಪನಿಯಲ್ಲಂತೂ ಇರಲಿಲ್ಲ. ಯಾವ ಕಟ್ಟಡದಲ್ಲಿ ಕಂಡರೂ ಅದು ಅವರದು ಎಂದು ಗೊತ್ತಾಗುತ್ತಿತ್ತು.

ರಿಪೇರಿ ಮಾಡಿದ ಜಾಗ ಮತ್ತೆ ಸೋರಿದೆ ಎಂದು ದೂರು ಬಂದಾಗ ಸೂಪರ್‌ವೈಸರ್ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ, "ಯೇ ಕಿಸ್ಕಾ ಕಾಮ್ ಹೈ?" ಎಂದು ಕೇಳುತ್ತಿದ್ದ. ಇದು ಯಾರ ಕೆಲಸ? ಪ್ಲಂಬರುಗಳೆಲ್ಲ ಬೂಟಿನ ತುದಿ ನೋಡುತ್ತಿದ್ದರು. ಯಾರಾದರೊಬ್ಬ "ಮಾಫಿ ಮಾಲೂಮ್" ಎನ್ನುತ್ತಿದ್ದ. ಗೊತ್ತಿಲ್ಲ ಎಂದು. ಇವರೊಬ್ಬರು ಮಾತ್ರ, ತಮ್ಮದಾಗಿದ್ದರೆ, ಒಂದು ಹೆಜ್ಜೆ ಮುಂದೆ ಬಂದು "ನಂದು" ಎನ್ನುತ್ತಿದ್ದರು. ಹಿಂದಿಯಲ್ಲಲ್ಲ, ಕನ್ನಡದಲ್ಲೇ. ಆ ಸೂಪರ್‌ವೈಸರನಿಗೆ ಕನ್ನಡದಲ್ಲಿ ಬರುತ್ತಿದ್ದ ಒಂದೇ ಶಬ್ದ ಅದು. ಇವರನ್ನು ಕಂಡಾಗೆಲ್ಲ "ಕ್ಯಾ ನಂದು ಭಾಯಿ" ಎಂದು ನಗುತ್ತಿದ್ದ.

ಇನ್ನು ನನ್ನ ವಿಷಯ. ಶುಕ್ರವಾರದ ರಜೆಯನ್ನು ಏನು ಮಾಡುವುದೆಂದು ನನಗೆ ತಿಳಿಯುತ್ತಿರಲಿಲ್ಲ. ಊರಿಗೆ ಫೋನು ಮಾಡಿ ಮುಗಿಸಿದ ಮೇಲೂ ದಿನ ಉಳಿಯುತ್ತಿತ್ತು. ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ, ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಖರ್ಜೂರ, ಒಣದ್ರಾಕ್ಷಿ, ಸಕ್ಕರೆ ಹಾಕಿ ಹುದುಗಲು ಇಟ್ಟೆ. ಈ ದೇಶದಲ್ಲಿ ಇದು ಅಪರಾಧ ಎಂಬುದು ನನಗೆ ಗೊತ್ತಿತ್ತು. ವಿಲ್ಲಾದ ಮೇಲಿನ ಮಹಡಿಯಲ್ಲಿ ನಮ್ಮ ಕೋಣೆಗೂ ಅವರ ಕೋಣೆಗೂ ನಡುವೆ ಹಳೆಯ ಹಾಸಿಗೆ, ಕೆಟ್ಟ ಏಸಿ ತುಂಬಿದ ಒಂದು ಗೂಡಿನಂಥ ಜಾಗವಿತ್ತು. ಬಕೆಟ್ಟನ್ನು ಅಲ್ಲಿಟ್ಟೆ. ಎಂಟು ಜನರಲ್ಲಿ ಐವರು ಗ್ಲಾಸು ಹಿಡಿದು ಬರುತ್ತಿದ್ದರು. ಸ್ಟೋರಿನಲ್ಲಿ ಸಾಮಾನು ಕೊಡುವವನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಈ ಬಕೆಟ್ಟು ಬಂದ ಮೇಲೆ ಕರೆಯತೊಡಗಿದ್ದರು. ಅದು ನನಗೆ ಇಷ್ಟವಾಗಿತ್ತು.

ಎರಡನೆಯ ಸಲ ಮಾಡುವಾಗ ಪ್ರತಿ ಸಲ ಮುಚ್ಚಳ ತೆಗೆಯುವುದು ಬೇಡವೆಂದು ಬಕೆಟ್ಟಿನ ಬುಡದಲ್ಲಿ ಒಂದು ನಲ್ಲಿ ಕೂರಿಸಿದೆ. ಕಾಯಿಸಿದ ಮೊಳೆಯಿಂದ ತೂತು ಮಾಡಿದ್ದರಿಂದ ಅದು ಗುಂಡಗೆ ಬರಲಿಲ್ಲ. ಸ್ಟೋರಿನಿಂದಲೇ ತಂದ ನಲ್ಲಿ, ವಾಷರ್, ಬಿಳಿ ಟೇಪು. ಎಷ್ಟು ಟೇಪು ಸುತ್ತಿದರೂ ಹನಿ ನಿಲ್ಲಲಿಲ್ಲ. ಕೆಳಗೆ ಒಂದು ಡಬ್ಬಿ ಇಟ್ಟೆ.

ಮೂರನೆಯ ದಿನ ಬೆಳಿಗ್ಗೆ ಅವರು ನನ್ನ ಬಾಗಿಲಲ್ಲಿ ನಿಂತಿದ್ದರು.

"ಎಂತ ಮಾರಾಯ ಅದು, ಗೋಡೆ ಆಚೆ? ಎರಡು ದಿನ ಆಯ್ತು, ಟಪ್ ಟಪ್ ಅಂತ ಕೇಳ್ತಾ ಉಂಟು."

ಸುಳ್ಳು ಹೇಳಲು ನನಗೆ ಧೈರ್ಯ ಬರಲಿಲ್ಲ. ಕರೆದುಕೊಂಡು ಹೋಗಿ ತೋರಿಸಿದೆ. ಅವರು ಮುಚ್ಚಳ ಎತ್ತಿ ಮೂಸಿ ನೋಡಿ ಮತ್ತೆ ಮುಚ್ಚಿದರು.

"ಮೀನು ಮುಟ್ಟುವುದಿಲ್ಲ. ಮೊಟ್ಟೆ ಮುಟ್ಟುವುದಿಲ್ಲ. ನನ್ನ ಪಾತ್ರೆ ಕೂಡ ಎರಡು ಸಲ ತೊಳೀತಿ. ಇದು ನಡೀತದಾ ನಿನಗೆ?"

ನಾನು ಮುಚ್ಚಳದ ಅಂಚನ್ನು ಒತ್ತಿ ಸರಿಮಾಡಿದೆ.

"ಇವತ್ತೇ ಚೆಲ್ಲು. ಇದು ನಮ್ಮ ಊರಲ್ಲ. ಸಿಕ್ಕಿದ್ರೆ ಖಲಾಸ್."

"ಇದೊಂದು ಸಲ ರಿ ಅಣ್ಣಾರ. ಮುಂದ ಮಾಡಂಗಿಲ್ರಿ."

ಅವರು ಹೊರಟರು. ಬಾಗಿಲ ತನಕ ಹೋಗಿ ನಿಂತರು. ಹಿಂದೆ ಡಬ್ಬಿಗೆ ಇನ್ನೊಂದು ಹನಿ ಬಿತ್ತು. ಅವರಿಗೆ ಕುಡಿತ ಆಗುತ್ತಿರಲಿಲ್ಲ, ಆದರೆ ಸೋರುವುದನ್ನು ಹಾಗೇ ಬಿಟ್ಟು ಹೋಗಲು ಇನ್ನೂ ಆಗುತ್ತಿರಲಿಲ್ಲ. ಅವರ ಮುಖ ನೋಡಿದಾಗ ನನಗದು ತಿಳಿಯಿತು. ತಿಳಿದೇ ನಾನು, "ನನಗ ಬರವಲ್ದ್ರಿ ಇದು, ನೀವಾದ್ರ ಎರಡ ನಿಮಿಷದ ಕೆಲಸ" ಎಂದೆ. ಇದನ್ನೂ ಬರೆದಿಡಬೇಕು. ಅವರನ್ನು ಆ ಬಕೆಟ್ಟಿನ ಹತ್ತಿರ ಕರೆದವನೂ ನಾನೇ.

"ಯಾವ ಕತ್ತೆ ಮಾಡಿದ್ದು ಈ ತೂತು?" ಎಂದು ಕನ್ನಡಕ ಏರಿಸಿ ಕೂತರು.

ಒಳಗಿದ್ದದ್ದನ್ನು ಬೇರೆ ಪಾತ್ರೆಗೆ ಸುರಿಸಿ ಬಕೆಟ್ಟು ಖಾಲಿ ಮಾಡಿಸಿದರು. ತೂತಿನ ಅಂಚನ್ನು ಮರಳುಕಾಗದದಿಂದ ಉಜ್ಜಿ ಗುಂಡಗೆ ಮಾಡಿದರು. ನಾನು ವಾಷರನ್ನು ಹೊರಗೆ ಹಾಕಿದ್ದೆ. ಅದು ಒಳಗಿರಬೇಕು, ಒಳಗಿನ ಭಾರವೇ ಅದನ್ನು ಬಕೆಟ್ಟಿನ ಗೋಡೆಗೆ ಒತ್ತಿ ಹಿಡಿಯುತ್ತದೆ ಎಂದು ತೋರಿಸಿದರು. ನಲ್ಲಿಗೆ ನಾರು ಸುತ್ತಿದರು. ಯಾವಾಗಲೂ ಹಚ್ಚುವ ಬಿಳಿ ಪೇಸ್ಟ್ ಹಚ್ಚಲಿಲ್ಲ. "ಎಷ್ಟಾದ್ರೂ ಹೊಟ್ಟೆಗೆ ಹೋಗುವಂಥದ್ದು" ಎಂದು ತಲೆಗೆ ಹಚ್ಚುವ ತೆಂಗಿನೆಣ್ಣೆ ತಂದು ಸವರಿದರು. ಮುಚ್ಚಳದ ಸುತ್ತ ಸೋಪಿನ ನೊರೆ ಬಳಿದು, ಎಲ್ಲಿ ಗುಳ್ಳೆ ಏಳುತ್ತದೆ ಎಂದು ನೋಡಿ ಅಲ್ಲಿಯೂ ಒಂದು ರಬ್ಬರಿನ ಪಟ್ಟಿ ಕೂರಿಸಿದರು. ಕೊನೆಗೆ ಗಂಟು ಹಾಕಿದರು. ಟಿಶ್ಯೂ ಹಾಸಿ ಇಪ್ಪತ್ತು ನಿಮಿಷ ಕೂತರು.

"ಇದು ಪ್ಲಾಸ್ಟಿಕ್ಕಿನ ನಟ್ಟು. ಕೈಯಲ್ಲೇ ತಿರುಗಿಸ್ಬೇಕು. ಸ್ಪ್ಯಾನರ್ ಹಾಕಿದ್ರೆ ಒಡೀತದೆ. ನೆನಪುಂಟಲ್ಲ?"

"ಹೌದ್ರಿ."

"ಇದೇ ಕೊನೆ ಅಲ್ವಾ?"

"ಹೌದ್ರಿ."

ಅದು ಕೊನೆಯಾಗಲಿಲ್ಲ. ಸೋರದ ಬಕೆಟ್ಟು ಸಿಕ್ಕಿದ ಮೇಲೆ ನಿಲ್ಲಿಸುವುದು ಹೇಗೆ? ಇನ್ನೂ ಮೂರು ಸಲ ಮಾಡಿದೆ. ಅವರು ಮತ್ತೆ ಕೇಳಲಿಲ್ಲ. ಗೋಡೆಯಾಚೆ ಸದ್ದಿಲ್ಲದ್ದರಿಂದ ಚೆಲ್ಲಿದ್ದೇನೆ ಎಂದುಕೊಂಡಿರಬೇಕು.

ಮೊದಲು ಹೇಳಿದ ಆ ಗುರುವಾರದ ಮಾರನೆಯ ದಿನ, ಶುಕ್ರವಾರ, ಅವರು ಬೆಳಿಗ್ಗೆಯೇ ಮೀನು ತರಲು ಹೋದರು. ನಾನು ಬಕೆಟ್ಟಿನ ಹತ್ತಿರ ಹೋದಾಗ ನಲ್ಲಿಯ ಬುಡದಲ್ಲಿ ಒಂದು ಹನಿ ನಿಂತಿತ್ತು. ಬೀಳುತ್ತಲೂ ಇರಲಿಲ್ಲ, ಆರುತ್ತಲೂ ಇರಲಿಲ್ಲ. ಕೈಯಿಂದ ತಿರುಗಿಸಿದೆ. ಸಮಾಧಾನವಾಗಲಿಲ್ಲ. ಸ್ಪ್ಯಾನರ್ ತಂದು ಅರ್ಧ ಸುತ್ತು ಬಿಗಿದೆ. ಹನಿ ಹೋಯಿತು. ಬಾಗಿಲು ಹಾಕಿ ಸ್ನಾನಕ್ಕೆ ಹೋದೆ.

ಸ್ನಾನ ಮುಗಿಸಿ ಬರುವಷ್ಟರಲ್ಲಿ ನಟ್ಟು ಸೀಳಿತ್ತು. ಬಕೆಟ್ಟಿನ ಅರ್ಧದಷ್ಟು ಬಾಗಿಲ ಸಂದಿಯಿಂದ ಹರಿದು, ಮೆಟ್ಟಿಲಿಳಿದು ಕೆಳಗಿನ ಹಾಲ್ ತಲುಪಿತ್ತು. ಅಲ್ಲಿ ನಮ್ಮ ಕ್ಯಾಂಪ್ ಬಾಸ್ ನಿಂತಿದ್ದ. ಕಂಪನಿಯ ವಿಲ್ಲಾಗಳನ್ನೆಲ್ಲ ನೋಡಿಕೊಳ್ಳುವವನು, ಹಿಂದಿಯವನು, ಶುಕ್ರವಾರಗಳಲ್ಲಿ ನೀರಿನ ಟ್ಯಾಂಕ್ ನೋಡಲು ಬರುತ್ತಿದ್ದ. ಬೂಟಿನ ಕೆಳಗೆ ಏನೋ ಅಂಟಿತೆಂದು ಬಗ್ಗಿ ಮೂಸಿದ್ದಾನೆ.

ಏಳು ಜನರನ್ನೂ ಮೇಲೆ ಆ ಗೂಡಿನ ಮುಂದೆ ನಿಲ್ಲಿಸಿದ. ಅದು ಯಾರ ಕೋಣೆಯೂ ಅಲ್ಲದ್ದರಿಂದ ಬಕೆಟ್ಟು ಯಾರದು ಬೇಕಾದರೂ ಆಗಬಹುದಿತ್ತು. ಅವನು ಬಗ್ಗಿ ಆ ನಲ್ಲಿಯನ್ನೂ ನಾರನ್ನೂ ಗಂಟನ್ನೂ ನೋಡಿದ. ಬೆರಳು ತೋರಿಸಿ ಕೇಳಿದ.

"ಯೇ ಕಿಸ್ಕಾ ಕಾಮ್ ಹೈ?"

ಅವನು ನನ್ನ ಮುಖ ನೋಡಿದ, ಸ್ಟೋರಿನವನು ನಾನೇ ಎಂದೋ, ನನ್ನ ತಲೆ ಒದ್ದೆಯಿತ್ತೆಂದೋ. ನಾನು ಹೇಳಿದೆ.

"ಅಣ್ಣಾ ಕಾ ಕಾಮ್ ಹೈ."

ಅದು ಅಣ್ಣನ ಕೆಲಸವೇ ಆಗಿತ್ತು. ಆ ಗಂಟು ಅಣ್ಣನದು, ಆ ನಾರು ಅಣ್ಣನದು. ಅವನ ಬೆರಳು ತೋರಿಸಿದ್ದು ನಲ್ಲಿಯನ್ನು, ನಾನು ಉತ್ತರ ಕೊಟ್ಟದ್ದು ನಲ್ಲಿಗೆ. ಎಷ್ಟೋ ದಿನ ನನಗೆ ನಾನೇ ಹೀಗೆ ಹೇಳಿಕೊಂಡಿದ್ದೇನೆ. ಆದರೆ ಅವನು ಏನು ಕೇಳುತ್ತಿದ್ದಾನೆ ಎಂಬುದು ನನಗೆ ಗೊತ್ತಿತ್ತು. ಎರಡು ಅರ್ಥವಿದ್ದ ಮಾತಿನಲ್ಲಿ ನಾನು ಒಂದರ ಹಿಂದೆ ಅಡಗಿ ಇನ್ನೊಂದನ್ನು ಹೇಳಿದ್ದೆ. ಇಪ್ಪತ್ತೆರಡು ವರ್ಷ ದುಡಿದ ಮನುಷ್ಯ, ಕಂಪನಿ ಅವರಿಗೆ ಏನೂ ಮಾಡುವುದಿಲ್ಲ, ಬೈದು ಬಿಡುತ್ತಾರೆ, ನಾನಾದರೆ ನಾಳೆಯೇ ವಿಮಾನ ಹತ್ತಬೇಕು. ಬಾಯಿ ತೆರೆಯುವ ಮೊದಲು ಇಷ್ಟೆಲ್ಲ ಯೋಚನೆ ನನ್ನ ತಲೆಯಲ್ಲಿ ಬಂದು ಹೋಗಿತ್ತು. ಗ್ಲಾಸು ಹಿಡಿದು ಬರುತ್ತಿದ್ದ ಐವರೂ ಸುಮ್ಮನಿದ್ದರು ನಿಜ. ಅವರು ಸುಮ್ಮನಿದ್ದರು ಅಷ್ಟೇ. ನಾನು ಮಾತಾಡಿದೆ.

ಆ ಹೊತ್ತಿಗೆ ಅವರು ಮೀನಿನ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದರು. ಒದ್ದೆ ಮೆಟ್ಟಿಲಲ್ಲಿ ಕಾಲು ನೋಡಿ ನೋಡಿ ಇಡುತ್ತ, "ಎಲ್ಲಿ ಲೀಕ್?" ಎಂದು ನನ್ನನ್ನೇ ಕೇಳಿದರು. ಅವರಿಗೆ ಮೊದಲು ಬಂದದ್ದು ಆ ಪ್ರಶ್ನೆ.

ಕ್ಯಾಂಪ್ ಬಾಸ್ ಅವರನ್ನು ಬಕೆಟ್ಟಿನ ಮುಂದೆ ನಿಲ್ಲಿಸಿ, ಇದು ನಿನ್ನ ಕೆಲಸವಂತೆ, ಹೌದಾ ಎಂದ. ಅವರು ಚೀಲ ಕೆಳಗಿಟ್ಟು ಕೂತರು. ಹೆಬ್ಬೆರಳನ್ನು ನಲ್ಲಿಯ ಸುತ್ತ ಆಡಿಸಿದರು. ಸೀಳಿದ ನಟ್ಟಿನ ಮೇಲೆ ಸ್ಪ್ಯಾನರಿನ ಹಲ್ಲು ಕಚ್ಚಿದ ಗುರುತಿತ್ತು. ಅಲ್ಲಿ ಬೆರಳು ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದರು. ನಾನು ಮೀನಿನ ಚೀಲ ನೋಡುತ್ತಿದ್ದೆ.

"ಕೆಲಸ ನಂದೇ" ಎಂದರು. ಕನ್ನಡದಲ್ಲಿ. ಮತ್ತೆ ಅವನಿಗೆ ತಿಳಿಯಲೆಂದು ಹಿಂದಿಯಲ್ಲಿ, "ಕಾಮ್ ಮೇರಾ ಹೈ."

"ಔರ್ ಮಾಲ್?" ಎಂದ ಅವನು. ಒಳಗಿದ್ದದ್ದು ಯಾರದು?

ಅವರು ಕಾದರು. ಯಾರಿಗಾಗಿ ಕಾದರು ಎಂದು ನನಗೆ ಗೊತ್ತಿತ್ತು. ಕೆಳಗೆ ಯಾರೋ ಹಾಲ್ ಒರೆಸಲು ನೀರು ಬಿಟ್ಟ ಸದ್ದು ಕೇಳುತ್ತಿತ್ತು. ಅವರು ಮೀನಿನ ಚೀಲ ಎತ್ತಿಕೊಂಡು ಎದ್ದರು. ಕ್ಯಾಂಪ್ ಬಾಸ್ "ಖಲಾಸ್" ಎಂದು ಫೋನು ತೆಗೆದ.

ಕಂಪನಿ ಪೊಲೀಸರಿಗೆ ಹೇಳಲಿಲ್ಲ; ಹೇಳಿದರೆ ಕಂಪನಿಗೂ ಕಷ್ಟ. ವೀಸಾ ರದ್ದು ಮಾಡಿ ಒಂದು ವಾರದಲ್ಲಿ ಅವರನ್ನು ಊರಿಗೆ ಕಳುಹಿಸಿತು. ಅಷ್ಟು ದಿನವೂ ಅವರು ಕೆಳಗಿನ ಒಂದು ಕೋಣೆಯಲ್ಲಿದ್ದರು. ಹತ್ತು ವರ್ಷ ಮೀರಿದವರು ಊರಿಗೆ ಹೋಗುವಾಗ ಸ್ಟೋರಿನ ಅಂಗಳದಲ್ಲಿ ಕೇಕು ಕತ್ತರಿಸಿ, ಎಲ್ಲರೂ ನಿಂತು ಫೋಟೋ ತೆಗೆಸಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಅವರಿಗೆ ಅದಿಲ್ಲ. ಸೂಪರ್‌ವೈಸರ್ ಬಂದು ಕೈ ಕುಲುಕಿದ. ನಂದು ಭಾಯಿ ಎನ್ನಲಿಲ್ಲ.

ಹೊರಡುವ ಬೆಳಿಗ್ಗೆ ವ್ಯಾನಿಗೆ ಪೆಟ್ಟಿಗೆ ಎತ್ತಿಡಲು ನಾನು ಹೋದೆ. ಹೇಳಬೇಕಾದದ್ದನ್ನು ಹೇಳಲು ಅದು ಕೊನೆಯ ಅವಕಾಶವೆಂದು ಗೊತ್ತಿತ್ತು. ಅವರೇ ಮಾತು ತೆಗೆದರು.

"ಒಂದು ಕೇಳ್ತೇನೆ. ಕೈಯಲ್ಲಿ ತಿರುಗಿಸು ಅಂತ ಹೇಳಿದ್ದೆನಲ್ಲ?"

"ಹೇಳಿದ್ರಿ."

"ಮತ್ತೆ?"

"ಒಂದು ಹನಿ ನಿಂತಿತ್ರಿ ಅಣ್ಣಾರ."

"ಒಂದು ಹನಿಗೆ ಸ್ಪ್ಯಾನರಾ ಮಾರಾಯ?"

ಅಷ್ಟೇ. ನನ್ನನ್ನು ಅವರು ಆಕ್ಷೇಪಿಸಿದ್ದು ಅಷ್ಟೇ. ಬೈಗುಳ ತಿನ್ನಲು ಸಿದ್ಧನಾಗಿ ಹೋಗಿದ್ದೆ, ಅದು ಸಿಗಲಿಲ್ಲ. ವ್ಯಾನು ತಿರುವು ದಾಟುವವರೆಗೂ ನಿಂತಿದ್ದೆ.

ಅದಾಗಿ ನಾಲ್ಕು ವರ್ಷ ಅವರು ಬದುಕಿದ್ದರು. ಹಬ್ಬಗಳಿಗೆ ನಾನು ವಾಟ್ಸಾಪಿನಲ್ಲಿ ಶುಭಾಶಯ ಕಳಿಸುತ್ತಿದ್ದೆ. ಅವರು ಕೈ ಮುಗಿದ ಚಿತ್ರ ಕಳಿಸುತ್ತಿದ್ದರು. ಕೆಲವೊಮ್ಮೆ ಊರಿನಲ್ಲಿ ತಾವು ರಿಪೇರಿ ಮಾಡಿದ ಯಾವುದಾದರೂ ನಲ್ಲಿಯ ಫೋಟೋ. ಒಂದು ಸಲ ಶಾಲೆಯ ನೀರಿನ ಟ್ಯಾಂಕ್. ಅದರ ಕೆಳಗೆ "ಎರಡು ವರ್ಷದಿಂದ ಸೋರ್ತಾ ಇತ್ತಂತೆ, ಮಕ್ಕಳು ಪಾಪ" ಎಂದು ಬರೆದಿದ್ದರು. ಎಷ್ಟೋ ಸಲ ನಾನು ಉದ್ದದ ಸಂದೇಶ ಬರೆದು ಅಳಿಸಿದೆ. ಆ ಕಂಪನಿ ಬಿಟ್ಟು ಕತಾರಿನ ಇನ್ನೊಂದು ತುದಿಯ ದುಖಾನ್‌ನಲ್ಲಿ ಬೇರೆ ಕೆಲಸಕ್ಕೆ ಸೇರಿದೆ. ಇನ್ನು ಹೇಳಿದರೆ ನನಗೆ ಏನೂ ತೊಂದರೆಯಿರಲಿಲ್ಲ. ಆದರೂ ಹೇಳಲಿಲ್ಲ. ತೊಂದರೆಯ ಭಯ ಹೋದ ಮೇಲೆ ಹೇಳದಿರಲು ನನಗೆ ಕಾರಣವೇ ಉಳಿದಿರಲಿಲ್ಲ. ಅದರ ನಾಚಿಕೆಯಿಂದ ಇನ್ನಷ್ಟು ಸುಮ್ಮನಾದೆ.

ಅವರಿಗೆ ಲಿವರಿನ ಕಾಯಿಲೆ ಬಂತು. ಸುದ್ದಿ ನನಗೆ ತಿಳಿದದ್ದು ಅವರು ಹೋದ ಮೇಲೆ, ಅವರ ನಂಬರಿನಿಂದಲೇ ಅವರ ಮನೆಯವರು ಕಳಿಸಿದ ಎರಡು ಸಾಲಿನಲ್ಲಿ. ಫೋನು ಮಾಡಿದೆ. ಅವರ ಹೆಂಡತಿಯ ದನಿಯನ್ನು ನಾನು ಮೊದಲು ಕೇಳಿದ್ದು ಅವತ್ತೇ.

"ನೀವಾ? ಅವರು ನಿಮ್ಮ ಸುದ್ದಿ ಹೇಳ್ತಿದ್ರು. ಬೈಯುವಾಗಲೂ ರೀ ಅಂತ ಹೇಳುವವರು ಅಂತ" ಎಂದರು. ಸ್ವಲ್ಪ ಹೊತ್ತು ಕಾಯಿಲೆಯ ಮಾತಾಡಿದರು. ಆಮೇಲೆ ದನಿ ತಗ್ಗಿಸಿದರು.

"ಒಂದು ವಿಷಯ ಕೇಳ್ಳಿಕ್ಕೆ ಉಂಟು. ಬೇಜಾರು ಮಾಡ್ಬೇಡಿ."

"ಕೇಳ್ರಿ ಅಕ್ಕಾರ."

"ಅವರು ಅಲ್ಲಿ ಕುಡೀತಿದ್ರಾ? ನಿಜ ಹೇಳಿ. ಡಾಕ್ಟ್ರು ಮೂರು ಸಲ ಕೇಳಿದ್ರು. ನಾನು ಇಲ್ಲ ಅಂತಲೇ ಹೇಳಿದೆ. ಮೂರನೇ ಸಲ ಹೇಳುವಾಗ ನನಗೇ ಹೆದರಿಕೆ ಆಯ್ತು."

"ಇಲ್ರಿ. ಒಂದು ತೊಟ್ಟೂ ಮುಟ್ಟಿದವ್ರಲ್ಲ."

ಅವರು ಅತ್ತರು. ಆ ಕಡೆ ಯಾರೋ ಮಗು ಏನೋ ಕೇಳಿದ್ದಕ್ಕೆ ತುಳುವಿನಲ್ಲಿ ಏನೋ ಹೇಳಿದರು. ಮತ್ತೆ ನನ್ನ ಹತ್ತಿರ ಮಾತಾಡಿದರು. ದೋಹಾದಲ್ಲಿದ್ದ ಊರವರ ಬಾಯಿಂದ ಸುದ್ದಿ ಮೊದಲೇ ತಲುಪಿತ್ತಂತೆ; ಊರಿಗೆ ಬಂದ ಮೊದಲ ವರ್ಷ ಭಜನಾ ಮಂದಿರದಲ್ಲಿ ಎಲ್ಲರೂ ತಮಾಷೆ ಮಾಡುತ್ತಿದ್ದರಂತೆ, ಅಣ್ಣ, ಕತಾರ್ ಸ್ಪೆಷಲ್ ಉಂಟಾ ಎಂದು. ಇವರೂ ನಕ್ಕುಬಿಡುತ್ತಿದ್ದರಂತೆ. ಆಮೇಲೆ ತಾಳ ಹಿಡಿಯಲು ಅವರನ್ನು ಕರೆಯುವುದನ್ನು ಬಿಟ್ಟರಂತೆ. ಇವರೂ ಹೋಗುವುದನ್ನು ಬಿಟ್ಟರಂತೆ.

"ನಾನು ಕೇಳಿದ್ರೆ ಹೇಳ್ತಿದ್ರು, ಸೋರುವುದನ್ನು ನಿಲ್ಲಿಸಿದ್ದು ನಾನು, ಒಳಗಿದ್ದದ್ದು ನಂದಲ್ಲ ಅಂತ. ಯಾರದ್ದು ಅಂತ ಕೇಳಿದ್ರೆ, ರೂಮಿನವ ಒಬ್ಬ, ಹೋಗ್ಲಿ ಬಿಡು ಅಂತಿದ್ರು. ನಾನು ಅರ್ಧ ನಂಬಿದೆ. ಅರ್ಧ ನಂಬ್ಲಿಲ್ಲ. ಈಗ ನೀವು ಹೇಳಿದ್ದು ಒಳ್ಳೇದಾಯ್ತು."

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಅದು ಯಾರದ್ದು, ನಿಮಗೆ ಗೊತ್ತುಂಟಾ?" ಎಂದು ಅವರು ಕೇಳಿದರು.

"ರೂಮಿನವ್ರದ್ದ ರಿ."

"ಯಾರು? ಹೆಸರು ಹೇಳಿದ್ರೆ ಸಾಕು. ಜಗಳಕ್ಕಲ್ಲ. ನನ್ನ ಮಾವ ಇನ್ನೂ ಇದ್ದಾರೆ, ಅವರ ಹತ್ತಿರ ಹೇಳ್ಬೇಕು. ಮಗ ಹಾಗೆ ಮಾಡಿದ್ದಲ್ಲ, ಇಂಥವರು ಮಾಡಿದ್ದು ಅಂತ ಹೇಳ್ಬೇಕು. ಸುಮ್ಮನೆ ಬೇರೆ ಯಾರೋ ಅಂದ್ರೆ ಅವರು ನಂಬುವುದಿಲ್ಲ."

"ಅವ್ರು ಈಗ ಇಲ್ಲಿ ಇಲ್ರಿ" ಎಂದೆ.

"ಹೌದಾ" ಎಂದರು. ಹೆಸರು ನೆನಪು ಬಂದರೆ ಹೇಳಿ ಎಂದರು. ನನ್ನ ಹೆಂಡತಿ, ಮಕ್ಕಳನ್ನು ವಿಚಾರಿಸಿದರು. ಊರಿಗೆ ಬಂದರೆ ಮನೆಗೆ ಬನ್ನಿ ಎಂದರು.

ಅದರ ನಂತರ ಎರಡು ಸಲ ಅವರ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಡಿದಿದ್ದೇನೆ. ಇದನ್ನು ಬರೆದರೆ ಹೇಳಿದಂತೆ ಆಗುವುದಿಲ್ಲ ಎಂದು ಗೊತ್ತಿದೆ. ಇಲ್ಲಿ ಅವರ ಹೆಸರಿಲ್ಲ, ನನ್ನದೂ ಇಲ್ಲ. ಅವರ ತಂದೆ, ಆ ಮುದುಕರು, ಇದನ್ನು ಓದುವುದೂ ಇಲ್ಲ. ಅವರಿಗೆ ಕಣ್ಣು ಕಾಣುವುದಿಲ್ಲವಂತೆ, ಯಾರಾದರೂ ಹೋಗಿ ಹತ್ತಿರ ಕೂತು ಹೇಳಬೇಕು.

ಆ ಮನೆಯವರು ಕೇಳಿದ ಹೆಸರು ಅವರಿಗೆ ಇನ್ನೂ ಸಿಕ್ಕಿಲ್ಲ.